ಹುಳುಮನೆಗೆ ಹೊರಗಿಂದ ಬಿಸಿಗಾಳಿ: ಗುಜರಿ ಬ್ಯಾರಲ್ಲಿನ ಸೌದೆ ಒಲೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ಹೊರಗೆ 15 ಡಿಗ್ರಿ ಆಸುಪಾಸು ಇರುತ್ತದೆ. ರೇಷ್ಮೆ ಹುಳ ಸಾಕುವ, ಶೀಟು ಹೊದಿಸಿದ ಹುಳುಮನೆಯ ಒಳಗೆ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು, ಅಷ್ಟೆ. ರೇಷ್ಮೆ ಹುಳ ಕೇಳುವ ಲೆಕ್ಕ ಬೇರೆ: ಒಂದನೇ ಹಂತಕ್ಕೆ 28 ಡಿಗ್ರಿ, ಎರಡಕ್ಕೆ 27, ಮೂರಕ್ಕೆ 26, ನಾಲ್ಕಕ್ಕೆ 25, ಐದಕ್ಕೆ 24. ಚಳಿ ಹೊಡೆದರೆ ಸೊಪ್ಪು ತಿನ್ನುವುದು ನಿಧಾನವಾಗುತ್ತದೆ, ಜ್ವರಕ್ಕೆ ಕೂರುವುದು (ಪೊರೆ ಬಿಡಲು ಮೇವು ಬಿಟ್ಟು ಮಲಗುವುದು) ಏರುಪೇರಾಗುತ್ತದೆ; ಒಂದೇ ಹಾಸಿಗೆಯಲ್ಲಿ ಅರ್ಧ ಎದ್ದಿರುತ್ತವೆ, ಅರ್ಧ ಮಲಗಿರುತ್ತವೆ. ಚಳಿಯ ಜೊತೆ ತೇವವೂ ಸೇರಿದರೆ ಹುಳ ಸತ್ತು ಸುಣ್ಣದಂತೆ ಗಟ್ಟಿಯಾಗುವ ಸುಣ್ಣಕಟ್ಟು ರೋಗ ಕಾದು ಕೂತಿರುತ್ತದೆ.

ಇದಕ್ಕೆ ರೂಢಿಯ ಉಪಾಯ ಬಾಂಡಲಿಯಲ್ಲಿ ಕೆಂಡ ತುಂಬಿ ಮನೆಯೊಳಗೆ ಇಡುವುದು. ಕಾವು ಬರುತ್ತದೆ ನಿಜ, ಆದರೆ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಹುಳದ ಜೊತೆಗೇ ಉಳಿಯುತ್ತವೆ. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಾತ್ರಿ ಕಾವಲಿಗೆ ಹುಳುಮನೆಯಲ್ಲೇ ಮಲಗುವವರ ಜೀವಕ್ಕೂ ಅದು ಕುತ್ತು. ಕರೆಂಟ್ ಹೀಟರ್ ಇಟ್ಟರೆ ಒಂದು ರಾತ್ರಿಗೆ 40 ಯೂನಿಟ್ಟಿನ ಮಾತು.

ಇಲ್ಲಿ ಬರೆದಿರುವ ಒಲೆ ಗೋಡೆಯ ಹೊರಗೆ ಉರಿಯುತ್ತದೆ, ಬಿಸಿಗಾಳಿ ಮಾತ್ರ ಒಳಗೆ ಹೋಗುತ್ತದೆ. ಮಲಗಿಸಿದ ಬ್ಯಾರಲ್ಲಿನೊಳಗೆ ದಪ್ಪ ಪೈಪಿನ ಬೆಂಕಿಗೂಡು; ಎರಡರ ನಡುವಿನ ಸಂದಿಯಲ್ಲಿ ಬ್ಲೋವರ್ ತಳ್ಳಿದ ಗಾಳಿ ಕಾದು ಮನೆಗೆ ಹೋಗುತ್ತದೆ. ಇಡೀ ಕೆಲಸದ ಸೂತ್ರ ಒಂದೇ: ಹೊಗೆಗೂ ಹುಳಕ್ಕೂ ನಡುವೆ ಕಬ್ಬಿಣದ ಗೋಡೆ ಇರಬೇಕು, ಆ ಗೋಡೆ ತೂತಾದ ದಿನವೂ ಗಾಳಿ ಬೆಂಕಿಯ ಕಡೆ ನುಗ್ಗಬೇಕೇ ಹೊರತು ಹೊಗೆ ಮನೆಯ ಕಡೆ ಬರಕೂಡದು. ಮುಂದೆ ಬರುವ ಅಳತೆಗಳಲ್ಲಿ ಬೇಕಾದ್ದನ್ನು ಬದಲಿಸಿಕೊಳ್ಳಿ, ಈ ಸೂತ್ರವನ್ನು ಮಾತ್ರ ಮುರಿಯಬೇಡಿ.

ಎಷ್ಟು ಕಾವು ಬೇಕು

15 ಅಡಿ ಅಗಲ, 20 ಅಡಿ ಉದ್ದ, 10 ಅಡಿ ಎತ್ತರದ ಮನೆ ಎಂದಿಟ್ಟುಕೊಳ್ಳಿ. ಹೊರಗೆ 15, ಒಳಗೆ 25. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಿಂದ ಸೋರುವ ಕಾವು ಸುಮಾರು 1,400 ವ್ಯಾಟ್. ಮೇಲಿನ ಬರೀ ಶೀಟಿನಿಂದ 1,500. ಗಾಳಿಯಾಡಲು ಬಿಟ್ಟದ್ದಕ್ಕೆ 500. ತೇವ ಕಾಯಲು ನೀರು ಆವಿಯಾಗುವುದಕ್ಕೆ ಇನ್ನೊಂದು 650. ಎಲ್ಲ ಸೇರಿ ಸುಮಾರು 4 ಕಿಲೋವ್ಯಾಟ್.

ಗಮನಿಸಿ, ಗೋಡೆಯ ಅರ್ಧದಷ್ಟೂ ವಿಸ್ತೀರ್ಣ ಇಲ್ಲದ ಸೂರು ಗೋಡೆಗಿಂತ ಹೆಚ್ಚು ಕಾವನ್ನು ಕಳೆಯುತ್ತದೆ. ಹಾಗಾಗಿ ಗುಜರಿ ಅಂಗಡಿಗೆ ಹೋಗುವ ಮೊದಲು ಶೀಟಿನ ಕೆಳಗೆ ಒಂದಡಿ ಬಿಟ್ಟು ಗೋಣಿತಾಟನ್ನೋ ದಪ್ಪ ಪಾಲಿಥೀನನ್ನೋ ಬಿಗಿದು ಕಟ್ಟಿ. ಸೂರಿನ ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಮಾಡದೆ ಒಲೆ ಕಟ್ಟಿದರೆ ಕಾಯಿಸುವುದು ಆಕಾಶವನ್ನೇ.

ಒಣಗಿದ ಸೌದೆಯ ಒಂದು ಕೆಜಿಯಲ್ಲಿ ಸುಮಾರು 4 ಯೂನಿಟ್ಟಿನಷ್ಟು ಶಾಖ ಇರುತ್ತದೆ. ಇಂಥ ಕೈಕೆಲಸದ ಒಲೆಯಲ್ಲಿ ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮಾತ್ರ ಒಳಗೆ ಸೇರುತ್ತದೆ ಎಂದು ಹಿಡಿದರೆ ಗಂಟೆಗೆ ಎರಡರಿಂದ ಎರಡೂವರೆ ಕೆಜಿ ಬೇಕು. ಸಂಜೆ 8ರಿಂದ ಬೆಳಗ್ಗೆ 6ರವರೆಗೆ 20ರಿಂದ 25 ಕೆಜಿ.

ಸಾಮಾನು

ಹೊರಗಿನ ಕವಚಕ್ಕೆ 200 ಲೀಟರಿನ ಕಬ್ಬಿಣದ ಬ್ಯಾರಲ್. ಮುಚ್ಚಳಕ್ಕೆ ಬಿಗಿಯುವ ಉಂಗುರ ಇರುವ, ಬಾಯಿ ಪೂರ್ತಿ ತೆರೆಯುವ ಬ್ಯಾರಲ್ಲೇ ಬೇಕು. ಬೆಂಕಿಗೂಡಿಗೆ 12 ಇಂಚಿನ ಎಂಎಸ್ (ಮೆದು ಉಕ್ಕಿನ) ಪೈಪು, ಗೋಡೆ ದಪ್ಪ 5 ಎಂಎಂ, ಉದ್ದ 75 ಸೆಂಟಿಮೀಟರ್. ತೂಕ ಸುಮಾರು 30 ಕೆಜಿ. ಹಳೆಯ ನೀರಾವರಿ ಪೈಪ್‌ಲೈನ್ ಕಿತ್ತ ತುಂಡುಗಳು, ಕಾರ್ಖಾನೆಗಳಿಂದ ಬಿದ್ದ ಪೈಪುಗಳು ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಸುತ್ತಿನ ಗುಜರಿಗಳಲ್ಲಿ ಹುಡುಕಿದರೆ ಸಿಗುತ್ತವೆ. 4 ಇಂಚಿನ ಎಂಎಸ್ ಪೈಪು 90 ಸೆಂಟಿಮೀಟರ್. ಹೊಗೆ ಕೊಳವೆಗೆ ಅದೇ 4 ಇಂಚಿನ ತಗಡಿನ ಪೈಪು 10 ಅಡಿ. 57 ಸೆಂಟಿಮೀಟರ್ ಅಗಲಕ್ಕೆ ಸಾಲುವ 4 ಎಂಎಂ ತಗಡು ಒಂದು; ಬೆಂಕಿಗೂಡಿನ ಹಿಂಬದಿ ಮುಚ್ಚಲು 6 ಎಂಎಂ ತಗಡು ಒಂದು ತುಂಡು. 12 ಎಂಎಂ ಟಿಎಂಟಿ ಕಂಬಿ, 40 ಎಂಎಂ ಆಂಗಲ್, 8 ಎಂಎಂ ಬೋಲ್ಟು ನಟ್ಟು ಎಂಟು ಜೊತೆ, 12 ಎಂಎಂ ಗ್ಲಾಸ್ ಫೈಬರ್ ಹಗ್ಗ ನಾಲ್ಕು ಮೀಟರ್. ಬಿಸಿಗಾಳಿಗೆ 6 ಇಂಚಿನ ಜಿಐ (ಸತು ಲೇಪಿಸಿದ) ಪೈಪು.

ಬ್ಲೋವರಿಗೆ ಹಳೆಯ ಅಡುಗೆಮನೆ ಚಿಮಣಿಯ ಮೋಟರ್ ಒಳ್ಳೆಯದು. ಬಸವನಹುಳುವಿನ ಚಿಪ್ಪಿನಂಥ ಮನೆ ಇರುವ ಈ ಬ್ಲೋವರ್ ಪೈಪಿನ ತಡೆಯನ್ನು ಎದುರಿಸಿ ಗಾಳಿ ತಳ್ಳುತ್ತದೆ. ರೆಕ್ಕೆ ತಿರುಗುವ ಎಕ್ಸಾಸ್ಟ್ ಫ್ಯಾನ್ ಪೈಪಿನಲ್ಲಿ ಎರಡು ತಿರುವು ಬಂದ ಕೂಡಲೇ ಸೋಲುತ್ತದೆ. ಕುಲುಮೆಯ ಬ್ಲೋವರಿನಲ್ಲಿ ಒತ್ತಡ ಇದೆ, ಗಾಳಿಯ ಪ್ರಮಾಣ ಸಾಲದು.

ಎರಡು ಎಚ್ಚರಿಕೆ. ಅಡುಗೆ ಗ್ಯಾಸಿನ ಸಿಲಿಂಡರ್ ಸರಿಯಾದ ಅಳತೆಯಲ್ಲಿದೆ ಎಂದು ಕತ್ತರಿಸಲು ಹೋಗಬೇಡಿ. ಅದು ಗ್ಯಾಸ್ ಕಂಪನಿಯ ಸ್ವತ್ತು, ಮೇಲಾಗಿ ಒಳಗೆ ಉಳಿದ ಅನಿಲ ಸಿಡಿಯುತ್ತದೆ. ಬ್ಯಾರಲ್ ಕೊಳ್ಳುವಾಗ ಮೊದಲು ಏನಿತ್ತು ಎಂದು ಕೇಳಿ, ಮೂಸಿ ನೋಡಿ. ಕೀಟನಾಶಕ, ಥಿನ್ನರ್, ಯಾವುದೋ ಹೆಸರಿಲ್ಲದ ರಾಸಾಯನಿಕ ಇದ್ದದ್ದು ಬೇಡವೇ ಬೇಡ. ಎಣ್ಣೆಯ ಬ್ಯಾರಲ್ ಆದರೂ ಸೋಡಾ ಪುಡಿ ಹಾಕಿ ಬಿಸಿನೀರಲ್ಲಿ ತೊಳೆದು, ಮುಚ್ಚಳ ತೆಗೆದೇ ಕತ್ತರಿಸಬೇಕು. ಮುಚ್ಚಿದ ಬ್ಯಾರಲ್ಲಿಗೆ ಗ್ಯಾಸ್ ಕಟ್ಟರ್ ತಾಗಿಸಿದರೆ ಅದು ಬಾಂಬು.

ಬೆಂಕಿಗೂಡು

12 ಇಂಚಿನ ಪೈಪಿನ ಒಂದು ತುದಿಗೆ 6 ಎಂಎಂ ತಗಡು ಮುಚ್ಚಿ ಬೆಸುಗೆ. 6013 ನಂಬರಿನ ಬೆಸುಗೆ ರಾಡ್, 3.15 ಎಂಎಂ, 100ರಿಂದ 120 ಆಂಪಿಯರ್. ಸುತ್ತಲೂ ಒಂದೇ ಸಲ ಎಳೆಯದೆ ಎರಡು ಇಂಚು ಹಾಕಿ, ಎದುರು ಬದಿಗೆ ಹೋಗಿ ಎರಡು ಇಂಚು. ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತದೆ. ಮೊದಲ ಸುತ್ತಿನ ಸ್ಲ್ಯಾಗ್ (ಬೆಸುಗೆಯ ಮೇಲೆ ಕೂರುವ ಕಿಟ್ಟ) ಪೂರ್ತಿ ಕೆತ್ತಿ, ತಂತಿ ಬ್ರಷ್ ಆಡಿಸಿ, ಎರಡನೇ ಸುತ್ತು ಹಾಕಿ. ಸ್ಲ್ಯಾಗ್ ಮೇಲೇ ಬೆಸೆದ ಜಾಗದಲ್ಲಿ ಸೂಜಿ ತೂತು ಖಂಡಿತ.

ಹಿಂಬದಿಯಿಂದ 8 ಸೆಂಟಿಮೀಟರ್ ಬಿಟ್ಟು ಪೈಪಿನ ನೆತ್ತಿಯಲ್ಲಿ 4 ಇಂಚಿನ ತೂತು ಕೊರೆದು, 5 ಸೆಂಟಿಮೀಟರ್ ಎತ್ತರದ ಕುತ್ತಿಗೆ ಬೆಸೆಯಿರಿ. ಅದರ ಮೇಲೆ 90 ಸೆಂಟಿಮೀಟರಿನ 4 ಇಂಚು ಪೈಪು ಮಲಗುತ್ತದೆ, ಹಿಂದಿನ ತುದಿ ಮುಚ್ಚಿ, ಮುಂದಿನ ತುದಿ ಬಾಗಿಲ ಕಡೆಗೆ. ಬೆಂಕಿ ಮುಂದಿನಿಂದ ಹಿಂದಕ್ಕೆ ಹೋಗಿ, ಕುತ್ತಿಗೆ ಹತ್ತಿ, ಮೇಲಿನ ಪೈಪಿನಲ್ಲಿ ಮತ್ತೆ ಮುಂದಕ್ಕೆ ಬಂದು ಹೊರಬೀಳುತ್ತದೆ. ಈ ವಾಪಸು ದಾರಿ ಇಲ್ಲದೆ ನೇರ ಹೊಗೆ ಕೊಳವೆ ಇಟ್ಟರೆ ಕಾವಿನ ದೊಡ್ಡ ಪಾಲು ಹೊಗೆಯ ಜೊತೆ ಮೇಲಕ್ಕೆ ಹೋಗುತ್ತದೆ.

ಎತ್ತರದ ಲೆಕ್ಕ: ಬೆಂಕಿಗೂಡು 32.4, ಕುತ್ತಿಗೆ 5, ಮೇಲಿನ ಪೈಪು 11.4, ಒಟ್ಟು 49 ಸೆಂಟಿಮೀಟರ್. ಬ್ಯಾರಲ್ಲಿನ ಒಳ ಅಗಲ 57. ಕೆಳಗೆ 4, ಮೇಲೆ 4 ಗಾಳಿಗೆ ಉಳಿಯುತ್ತದೆ, ಪಕ್ಕಗಳಲ್ಲಿ ಇನ್ನೂ ಧಾರಾಳ.

4 ಎಂಎಂ ತಗಡನ್ನು ಬ್ಯಾರಲ್ಲಿನ ಬಾಯಿಗೆ ಸರಿಯಾಗಿ ಗುಂಡಗೆ ಕತ್ತರಿಸಿದರೆ ಅದೇ ಮುಂಬದಿ ಫಲಕ. ಅದರಲ್ಲಿ ಬೆಂಕಿಗೂಡಿನ ಬಾಯಿಗೆ ಒಂದು ತೂತು, ಮೇಲಿನ ಪೈಪಿಗೆ ಇನ್ನೊಂದು. ಬೆಂಕಿಗೂಡನ್ನು ಫಲಕಕ್ಕೆ ಬೆಸೆಯಿರಿ. ಮೇಲಿನ ಪೈಪನ್ನು ಬೆಸೆಯಬೇಡಿ. 5 ಇಂಚಿನ ಪೈಪಿನ ಸಣ್ಣ ತುಂಡನ್ನು ಫಲಕಕ್ಕೆ ಬೆಸೆದು, ಅದರೊಳಗೆ 4 ಇಂಚಿನದನ್ನು ತೂರಿಸಿ, ನಡುವೆ ಗ್ಲಾಸ್ ಫೈಬರ್ ಹಗ್ಗ ಬಡಿದು ತುಂಬಿ.

ಯಾಕೆಂದರೆ ಕಬ್ಬಿಣ ಹಿಗ್ಗುತ್ತದೆ. 75 ಸೆಂಟಿಮೀಟರ್ ಉದ್ದದ ಬೆಂಕಿಗೂಡು 400 ಡಿಗ್ರಿ ಏರಿದರೆ ಮೂರೂವರೆ ಎಂಎಂ ಉದ್ದವಾಗುತ್ತದೆ. ಮೇಲಿನ ಪೈಪು ಅಷ್ಟು ಕಾಯುವುದಿಲ್ಲ, ಬ್ಯಾರಲ್ ಅಂತೂ ತಣ್ಣಗೇ ಇರುತ್ತದೆ. ಮೂರನ್ನೂ ಎರಡು ತುದಿಯಲ್ಲೂ ಬೆಸೆದು ಬಿಗಿದರೆ ಯಾವುದಾದರೂ ಒಂದು ಬೆಸುಗೆ ಸೀಳಲೇಬೇಕು. ಮೊದಲು ಸೀಳುವುದು ಕುತ್ತಿಗೆ, ಅದೂ ಕಣ್ಣಿಗೆ ಕಾಣದ ಒಳಗಡೆ. ಆದ್ದರಿಂದ ಬೆಂಕಿಗೂಡಿನ ಮುಂದಿನ ತುದಿ ಮಾತ್ರ ಕಚ್ಚಿಕೊಂಡಿರಬೇಕು. ಹಿಂದಿನ ತುದಿ ಬ್ಯಾರಲ್ಲಿನೊಳಗೆ ಇಟ್ಟ ಆಂಗಲ್ ತೊಟ್ಟಿಲ ಮೇಲೆ ಸುಮ್ಮನೆ ಕೂತು ಜಾರುವಂತಿರಲಿ.

ಬಾಗಿಲು 8 ಇಂಚು ಚೌಕ. ಬಾಗಿಲ ಕೆಳಗೆ ಒಂದು ಇಂಚಿನ ಮೂರು ತೂತು, ಮೇಲೆ ಜಾರುವ ಪಟ್ಟಿ. ಬೆಂಕಿಯ ಲಗಾಮು ಇದೇ. ಒಳಗೆ ಟಿಎಂಟಿ ಕಂಬಿಯ ಜಾಲರಿ, ಕಂಬಿ ಕಂಬಿ ನಡುವೆ 12 ಎಂಎಂ. ಜಾಲರಿಯನ್ನು ಗೂಡಿಗೆ ಬೆಸೆಯದೆ ಬಿಡಿಯಾಗಿಡಿ. ಕೆಂಡದಲ್ಲಿ ಕೂತ ಕಂಬಿ ಬಾಗಿಯೇ ಬಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸುವ ವಸ್ತು ಎಂದೇ ತಿಳಿಯಿರಿ.

ಸೋರಿಕೆ ಪರೀಕ್ಷೆ

ಬ್ಯಾರಲ್ಲಿಗೆ ತೂರಿಸುವ ಮೊದಲು ಇದನ್ನು ಮಾಡದೆ ಮುಂದೆ ಹೋಗಬೇಡಿ. ಎಲ್ಲ ಬೆಸುಗೆಗಳ ಹೊರಬದಿಗೆ ಗೋಡೆಗೆ ಬಳಿಯುವ ಸುಣ್ಣದ ತಿಳಿ ಹಚ್ಚಿ ಒಣಗಿಸಿ. ಒಳಬದಿಯಿಂದ ಬ್ರಷ್ಷಿನಲ್ಲಿ ಡೀಸೆಲ್ ಬಳಿಯಿರಿ. ಅರ್ಧ ಗಂಟೆ ಬಿಡಿ. ಸೂಜಿ ಮೊನೆಯಷ್ಟು ತೂತಿದ್ದರೂ ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆ ಹರಡುತ್ತದೆ. ಆ ಜಾಗವನ್ನು ಗ್ರೈಂಡರಿನಲ್ಲಿ ಬುಡದವರೆಗೆ ಕೆರೆದು, ಡೀಸೆಲ್ ಪೂರ್ತಿ ಒರೆಸಿ ಆರಿದ ಮೇಲೆ ಮತ್ತೆ ಬೆಸೆಯಿರಿ. ಮೇಲಿಂದ ಮೇಲೆ ತೇಪೆ ಹಾಕಿದರೆ ಮೊದಲ ಉರಿಗೇ ಬಿಡುತ್ತದೆ. ಎಂ-ಸೀಲ್ ಹಚ್ಚುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ, ಈ ಕಾವಿಗೆ ಅದು ಸುಟ್ಟು ಹೋಗುತ್ತದೆ.

ಬ್ಯಾರಲ್ ಮತ್ತು ಗಾಳಿಯ ದಾರಿ

ಬ್ಯಾರಲ್ಲನ್ನು ಆಂಗಲ್ ಸ್ಟ್ಯಾಂಡಿನ ಮೇಲೆ ಮಲಗಿಸಿ, ಬಾಯಿ ಹುಳುಮನೆಗೆ ಬೆನ್ನು ಹಾಕಿರಲಿ. ಬ್ಯಾರಲ್ಲಿನ ತಗಡು ಒಂದು ಎಂಎಂ ಆಸುಪಾಸು, 3.15 ರಾಡು ತಾಗಿಸಿದರೆ ತೂತೇ. ಇದಕ್ಕೆ 2.5 ಎಂಎಂ ರಾಡು, 60ರಿಂದ 70 ಆಂಪಿಯರ್. ಆದಷ್ಟು ಬೋಲ್ಟಿನಲ್ಲೇ ಮುಗಿಸುವುದು ಜಾಣತನ. ಮೂಲ ಮುಚ್ಚಳದ ನಡುಭಾಗ ಕತ್ತರಿಸಿ ತೆಗೆದು, ಉಳಿದ ಅಂಚಿಗೆ ಮುಂಬದಿ ಫಲಕವನ್ನು ಎಂಟು ಬೋಲ್ಟಿನಲ್ಲಿ ಬಿಗಿಯಿರಿ, ನಡುವೆ ಹಗ್ಗ ಇರಲಿ. ಹೀಗೆ ಮಾಡಿದರೆ ಉಂಗುರ ಬಿಚ್ಚಿ ಇಡೀ ಬೆಂಕಿಗೂಡನ್ನು ಹೊರಗೆಳೆದು ನೋಡಬಹುದು. ವರ್ಷಕ್ಕೊಮ್ಮೆ ನೋಡಲೇಬೇಕು.

ಮೇಲಿನ ಪೈಪು ಫಲಕದಿಂದ 15 ಸೆಂಟಿಮೀಟರ್ ಹೊರಗೆ ಬಂದಿರುತ್ತದಲ್ಲ, ಅಲ್ಲಿ ಒಂದು ಟೀ, ಅಂದರೆ ಮೂರು ಬಾಯಿಯ ಪೈಪು ಜೋಡಣೆ. ಮೇಲಿನ ಬಾಯಿಗೆ ಹೊಗೆ ಕೊಳವೆ, ಎದುರಿನ ಬಾಯಿಗೆ ಮುಚ್ಚಳ. ಮುಚ್ಚಳ ತೆಗೆದರೆ ಬ್ರಷ್ಷು ನೇರವಾಗಿ ಕೊನೆಯವರೆಗೆ ಹೋಗುತ್ತದೆ. ಹೊಗೆಯ ಜೋಡಣೆಗಳೆಲ್ಲ ಬ್ಯಾರಲ್ಲಿನ ಹೊರಗೇ ಇರುವುದರಿಂದ ಅಲ್ಲಿ ಸೋರಿದರೂ ಬಯಲಿಗೆ.

ಗಾಳಿ ಒಳಬರುವ ತೂತು ಮುಂಬದಿಯ ಕೆಳಗೆ, ಪಕ್ಕದಲ್ಲಿ. ಹೊರಹೋಗುವುದು ಹಿಂಬದಿಯ ನೆತ್ತಿಯಲ್ಲಿ, 6 ಇಂಚು. ಮೂಲೆಯಿಂದ ಮೂಲೆಗೆ ಹಾಯುವುದರಿಂದ ಗಾಳಿ ಇಡೀ ಗೂಡನ್ನು ಸವರಿಕೊಂಡು ಹೋಗುತ್ತದೆ.

ಬ್ಲೋವರ್ ಎಲ್ಲಿ ಕೂರಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುವುದು. ಬಿಸಿಗಾಳಿಯನ್ನು ಎಳೆಯುವಂತೆ ಮನೆಯ ಕಡೆ ಇಟ್ಟರೆ ಎರಡು ತಪ್ಪು: ಮೋಟರ್ 60 ಡಿಗ್ರಿಯ ಗಾಳಿಯಲ್ಲಿ ಬೇಯುತ್ತದೆ, ಮತ್ತು ಬ್ಯಾರಲ್ಲಿನೊಳಗೆ ಒತ್ತಡ ಕಡಿಮೆಯಾಗಿ ತೂತಿದ್ದ ಕಡೆಯಿಂದ ಹೊಗೆಯನ್ನು ಹೀರಿ ಸೀದಾ ಹುಳದ ಮೇಲೆ ಊದುತ್ತದೆ. ಬ್ಲೋವರ್ ಒಳಬರುವ ತೂತಿನಲ್ಲಿ ಕೂತು ತಳ್ಳಬೇಕು. ಆಗ ಬ್ಯಾರಲ್ಲಿನೊಳಗೆ ಒತ್ತಡ ಹೆಚ್ಚು, ಹೊಗೆ ಕೊಳವೆಯ ಎಳೆತದಿಂದ ಬೆಂಕಿಗೂಡಿನಲ್ಲಿ ಕಡಿಮೆ. ಬೆಸುಗೆ ಬಿಟ್ಟರೂ ಗಾಳಿಯೇ ಬೆಂಕಿಗೆ ನುಗ್ಗುತ್ತದೆ. ಆದ್ದರಿಂದಲೇ ಮೊದಲು ಬ್ಲೋವರ್, ಆಮೇಲೆ ಬೆಂಕಿಕಡ್ಡಿ.

ಬೇಕಾದ ಗಾಳಿ ಗಂಟೆಗೆ ಸುಮಾರು 300 ಘನ ಮೀಟರ್. ಅಳೆಯಲು ಮೀಟರ್ ಬೇಡ: 200 ಲೀಟರಿನ ಬ್ಯಾರಲ್ಲಿಗೆ ಹಾಕುವ ಪ್ಲಾಸ್ಟಿಕ್ ಚೀಲವನ್ನು ಪೈಪಿನ ಬಾಯಿಗೆ ಹಿಡಿದರೆ ಎರಡೂವರೆ ಸೆಕೆಂಡಿನಲ್ಲಿ ಉಬ್ಬಿ ನಿಲ್ಲಬೇಕು. ಒಲೆ ಹಚ್ಚುವ ಮೊದಲೇ ನೋಡಿಕೊಳ್ಳಿ. ಅದಕ್ಕಿಂತ ಬೇಗ ತುಂಬಿದರೆ ಸ್ಪೀಡ್ ಇಳಿಸಿ.

ಒಳಗೆ ಹಂಚುವುದು, ತೇವ ಕಾಯುವುದು

ಒಲೆ ಗೋಡೆಯಿಂದ ನಾಲ್ಕಡಿ ದೂರ, ಮನೆಯ ಪಡುವಣ ಅಥವಾ ನೈಋತ್ಯ ಬದಿಗೆ. ಚಳಿಗಾಲದಲ್ಲಿ ಈ ಕಡೆ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯದಿಂದ ಬೀಸುತ್ತದೆ. ಹೊಗೆ ಮನೆಯಿಂದ ಆಚೆಗೆ ಹೋಗುತ್ತದೆ. ಹೊಗೆ ಕೊಳವೆ ಸೂರಿನಂಚಿಗಿಂತ ಮೇಲಿರಲಿ. ತೋಟದಲ್ಲೇ ಮನೆ ಇದ್ದರೆ ಹೊಗೆಯ ಮಸಿ ಸೊಪ್ಪಿನ ಮೇಲೆ ಕೂರದಂತೆಯೂ ನೋಡಿ.

ಬಿಸಿಗಾಳಿ ಪೈಪು ಗೋಡೆ ದಾಟುವವರೆಗೂ ಸ್ವಲ್ಪ ಏರುತ್ತಲೇ ಹೋಗಬೇಕು. ಒಳಗೆ ಗೋಡೆಯುದ್ದಕ್ಕೆ ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿ, 20 ಅಡಿ ಪೈಪಿನಲ್ಲಿ 25 ಎಂಎಂನ 37 ತೂತು. ಇವೆಲ್ಲ ಸೇರಿದರೆ 6 ಇಂಚಿನ ಬಾಯಿಗೆ ಸಮ. ತೂತುಗಳು ಗೋಡೆಯ ಕಡೆ ಮುಖ ಮಾಡಿರಲಿ. ಹಾಸಿಗೆಯ ಕಡೆ ತಿರುಗಿದರೆ ಆ ಸಾಲಿನ ಸೊಪ್ಪು ಒಂದು ಗಂಟೆಯಲ್ಲಿ ಹಪ್ಪಳ. ಒಂದು ವಿಚಿತ್ರ ನೆನಪಿಡಿ: ತುದಿ ಮುಚ್ಚಿದ ಇಂಥ ಪೈಪಿನಲ್ಲಿ ಗಾಳಿ ಜೋರಾಗಿ ಬರುವುದು ಮೊದಲ ತೂತಿನಲ್ಲಲ್ಲ, ಕೊನೆಯದರಲ್ಲಿ. ಹಾಗಾಗಿ ಬಾಯಿಯ ಹತ್ತಿರ ತೂತು ಒತ್ತಾಗಿ, ತುದಿಯ ಕಡೆ ವಿರಳವಾಗಿ ಹಾಕಿ.

ತೇವದ ಲೆಕ್ಕ ಇನ್ನೂ ಮುಖ್ಯ. ಹೊರಗಿನ 15 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇ 85 ಇದ್ದರೂ, ಅದನ್ನೇ 25ಕ್ಕೆ ಕಾಯಿಸಿದರೆ ಶೇ 46ಕ್ಕೆ ಕುಸಿಯುತ್ತದೆ. ಚಾಕಿ ಹುಳಕ್ಕೆ (ಮೊದಲ ಹಂತಗಳ ಮರಿಹುಳಕ್ಕೆ) ಬೇಕಿರುವುದು ಶೇ 85ರಿಂದ 90, ದೊಡ್ಡ ಹುಳಕ್ಕೂ 70ರ ಆಸುಪಾಸು. ಅದಕ್ಕೇ ಬ್ಲೋವರಿನ ಬಾಯಿಗೆ ಎರಡು ದಾರಿ ಬೇಕು: ಒಂದು ಹೊರಗಿನ ಹೊಸ ಗಾಳಿಗೆ, ಇನ್ನೊಂದು ಮನೆಯೊಳಗಿನ ಗಾಳಿಯನ್ನೇ ವಾಪಸು ತರುವುದಕ್ಕೆ. ಅರ್ಧ ಅರ್ಧ ಇಟ್ಟರೂ ಶೇ 75 ಮುಟ್ಟಲು ಗಂಟೆಗೆ ಸುಮಾರು ಒಂದು ಲೀಟರ್ ನೀರು ಆವಿಯಾಗಬೇಕು. ಹಸಿ ಸೊಪ್ಪು ಒಂದು ಪಾಲು ಕೊಡುತ್ತದೆ. ಉಳಿದದ್ದಕ್ಕೆ ತೂತುಗಳ ಮುಂದೆ ಒದ್ದೆ ಗೋಣಿ ಇಳಿಬಿಟ್ಟು ಅದರ ಬುಡ ನೀರಿನ ತಟ್ಟೆಯಲ್ಲಿ ಮುಳುಗಿರಲಿ. ಒಣ ಮತ್ತು ಒದ್ದೆ ಬಲ್ಬಿನ ಥರ್ಮಾಮೀಟರನ್ನು ಹಾಸಿಗೆಯ ಮಟ್ಟದಲ್ಲೇ ತೂಗುಹಾಕಿ, ಗೋಡೆಯ ಮೇಲಲ್ಲ. ಜ್ವರದಲ್ಲಿ ಮಲಗಿದ ಹುಳಕ್ಕೆ, ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಟ್ಟ ಹಣ್ಣುಹುಳಕ್ಕೆ ಇಷ್ಟು ತೇವ ಬೇಡ. ಆಗ ಗೋಣಿ ಎತ್ತಿಬಿಡಿ, ಹೊಸ ಗಾಳಿ ಹೆಚ್ಚಿಸಿ.

ಹೊರಗಿನ ಬಾಯಿಗೆ ನೈಲಾನ್ ಪರದೆ ಕಟ್ಟುವುದನ್ನು ಮರೆತರೆ ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆ ನೀವೇ ದಾರಿ ತೋರಿಸಿದಂತೆ. ವಾಪಸು ಬಾಯಿಗೂ ಪರದೆ ಇರಲಿ, ಹಾಸಿಗೆಗೆ ಎರಚುವ ಸೋಂಕುನಿವಾರಕ ಪುಡಿಯನ್ನು ಬ್ಲೋವರ್ ನುಂಗುತ್ತದೆ. ಬೆಳೆಗೂ ಬೆಳೆಗೂ ನಡುವೆ ಬ್ಲೀಚಿಂಗ್ ಪುಡಿಯಲ್ಲಿ ಮನೆ ತೊಳೆಯುವಾಗ ಆ ಬಾಯಿ ಮುಚ್ಚಿ. ಕ್ಲೋರಿನ್ ಗಾಳಿ ಹೋದರೆ ಮೋಟರಿನ ಬೇರಿಂಗು ತುಕ್ಕು ಹಿಡಿಯುತ್ತದೆ.

ಬ್ಯಾರಲ್ಲಿನ ಹೊರಮೈಗೆ ಕೋಳಿ ಬಲೆ ಸುತ್ತಿ, ಭತ್ತದ ಹೊಟ್ಟು ಕಲಸಿದ ಕೆಮ್ಮಣ್ಣು ಎರಡು ಇಂಚು ಮೆತ್ತಿ. ಬಲೆ ಇಲ್ಲದೆ ಮೆತ್ತಿದ ಮಣ್ಣು ಕಬ್ಬಿಣಕ್ಕೆ ಹಿಡಿಯುವುದಿಲ್ಲ.

ಮೊದಲ ಉರಿ ಮತ್ತು ದಿನದ ನಡೆ

ಬಿಸಿಗಾಳಿ ಪೈಪು ಜೋಡಿಸದೆ, ಬ್ಲೋವರ್ ಹಾಕಿ, ಮೂರು ಮೂರು ಗಂಟೆಯಂತೆ ಎರಡು ದಿನ ಜೋರಾಗಿ ಉರಿಸಿ. ಬ್ಯಾರಲ್ಲಿನ ಹಳೆ ಬಣ್ಣ, ಬೆಸುಗೆಯ ಎಣ್ಣೆ, ಪರೀಕ್ಷೆಯ ಡೀಸೆಲ್ ಎಲ್ಲ ಸುಟ್ಟು ಹೊರಗೇ ಹೋಗಲಿ. ಎರಡನೇ ದಿನ ಕೊನೆಗೆ ಬೆಂಕಿಗೆ ಒಂದು ಹಿಡಿ ಹಸಿ ಬೇವಿನ ಸೊಪ್ಪು ಹಾಕಿ, ಬಿಸಿಗಾಳಿಯ ಬಾಯಿಯಲ್ಲಿ ಮೂಸಿ. ಘಾಟು ಬಂದರೆ ಬಿಚ್ಚಿ, ಮತ್ತೆ ಸುಣ್ಣ ಡೀಸೆಲ್.

ಜಾಲಿ, ಸರ್ವೆ, ನೀಲಗಿರಿ, ಒಣಗಿದ್ದರೆ ಎಲ್ಲ ಆಗುತ್ತದೆ. ಹಿಪ್ಪುನೇರಳೆ ಕಡ್ಡಿ ಮನೆಯಲ್ಲೇ ರಾಶಿ ಬಿದ್ದಿರುತ್ತದೆ. ಹೊತ್ತಿಸಲು ಚೆನ್ನ, ರಾತ್ರಿಯಿಡೀ ನಿಲ್ಲುವ ಸೌದೆಯಲ್ಲ. ತೆಂಗಿನ ಚಿಪ್ಪನ್ನು ಒಮ್ಮೆಗೇ ಸುರಿದರೆ ಗೂಡು ಕೆಂಪಗಾಗಿ ತಗಡಿನ ಆಯಸ್ಸು ಕಡಿಮೆ. ಹಸಿ ಸೌದೆ ಹಾಕಿದರೆ ಮೇಲಿನ ಪೈಪಿನಲ್ಲಿ ಡಾಂಬರಿನಂಥ ಅಂಟು ಕಟ್ಟುತ್ತದೆ. ಟೀ ಹತ್ತಿರ ಹೊಗೆಯ ಕಾವು 150ರಿಂದ 250 ಡಿಗ್ರಿ ಇದ್ದರೆ ಸರಿ; 120ಕ್ಕಿಂತ ಇಳಿದರೆ ಅಂಟು, 300 ದಾಟಿದರೆ ಸೌದೆ ದಂಡ.

ಕೆಲವರು ಕೋಳಿಮರಿ ಗೂಡಿನ ಥರ್ಮೋಸ್ಟಾಟ್ ತಂದು ಬ್ಲೋವರಿಗೆ ಕಟ್ಟುತ್ತಾರೆ. ಅದು ತಪ್ಪು. ಮನೆ ಕಾದಾಗ ಬ್ಲೋವರ್ ನಿಂತರೆ ಬೆಂಕಿ ನಿಲ್ಲುವುದಿಲ್ಲ, ಗೂಡು ಬೇಯುತ್ತದೆ. ಥರ್ಮೋಸ್ಟಾಟಿಗೆ ಒಂದು ಕರೆಗಂಟೆ (ಕಾಲಿಂಗ್ ಬೆಲ್) ಕಟ್ಟಿ. ಬಾರಿಸಿದಾಗ ಎದ್ದು ಬಾಗಿಲ ಪಟ್ಟಿ ಮುಚ್ಚಿ. ಕರೆಂಟ್ ಹೋದಾಗಲೂ ಇದೇ ಕೆಲಸ: ಮೊದಲು ಪಟ್ಟಿ ಮುಚ್ಚುವುದು, ಹೊಸ ಸೌದೆ ಹಾಕದಿರುವುದು.  ಬ್ಲೋವರ್ ಕಡಿಮೆ ಸ್ಪೀಡಿನಲ್ಲಿ 100 ವ್ಯಾಟ್ ಎಳೆದರೆ ಹೊಸ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಏಳೆಂಟು ಗಂಟೆ ತಳ್ಳುತ್ತದೆ, ಹಳೆಯದಾದರೆ ಅರ್ಧ.

ಬೂದಿ ದಿನಾ ತೆಗೆಯಿರಿ, ಗೂಡಿನ ತಳದಲ್ಲಿ ಒಂದು ಇಂಚು ಮಾತ್ರ ಉಳಿಸಿ. ಅದು ತಗಡನ್ನು ಕೆಂಡದಿಂದ ಕಾಯುತ್ತದೆ. ಟೀ ಮುಚ್ಚಳ ಬಿಚ್ಚಿ ವಾರಕ್ಕೊಮ್ಮೆ ಬ್ರಷ್ ಆಡಿಸಿ. ಫೆಬ್ರವರಿ ಕೊನೆಗೆ ಒಲೆ ನಿಲ್ಲಿಸುವಾಗ ಮಾತ್ರ ಆ ಒಂದು ಇಂಚನ್ನೂ ಬಿಡದೆ ಗುಡಿಸಿ. ಮಳೆಗಾಲದ ತೇವ ಹೀರಿದ ಬೂದಿ ಐದು ಎಂಎಂ ಪೈಪನ್ನೂ ತಿನ್ನುತ್ತದೆ. ಹೊಗೆ ಕೊಳವೆಯ ಬಾಯಿಗೆ ಹಳೆಯ ಮಡಕೆ ಬೋರಲು ಹಾಕಿ, ಬ್ಲೋವರ್ ಬಿಚ್ಚಿ ಮನೆಯೊಳಗಿಡಿ.